ದೇವರನ್ನು ಕಾಪಾಡುವ ಕೆಲಸ ನಿಮ್ಮದಲ್ಲ

ನಿಮ್ಮ ಪ್ರಶ್ನೆಯ ಕೊನೆ ಸಾಲು ಓದಿ ಫೋನ್ ಕೆಳಗಿಟ್ಟುಬಿಟ್ಟೆ. ಗಂಡ ಹೋಗಿ ಎಂಟು ತಿಂಗಳು, ಈಗ ನಿಮಗೇ ಕಾಯಿಲೆ, ಇದರ ನಡುವೆ ದೇವರ ಮೇಲಿನ ನಂಬಿಕೆ ಅಲುಗದ ಹಾಗೆ ಉಳಿಸಿಕೊಳ್ಳುವುದು ಹೇಗೆ ಅಂತ ಕೇಳಿದ್ದೀರಿ. ಆದರೆ ಕೊನೆಯಲ್ಲಿ "ನನ್ನಿಂದ ಎಲ್ಲಿ ತಪ್ಪಾಯಿತು ಅಂತ ಒಂದು ಸಲ ಗೊತ್ತಾಗಿಬಿಟ್ಟರೆ ಸಾಕು" ಅಂತ ಬರೆದಿದ್ದೀರಲ್ಲ, ಆ ಸಾಲು ನನ್ನದು. ನಾನೂ ಹಾಗೇ ಹುಡುಕಿದ್ದೆ. ಹುಡುಕಿ ಹುಡುಕಿ ಕೊನೆಗೂ ಒಂದು ತಪ್ಪು ಸಿಕ್ಕಿತು. ನನ್ನದಲ್ಲ, ನನ್ನ ಹೆಂಡತಿಯದು.

ಮಗನಿಗೆ ನಾಲ್ಕು ತುಂಬಲು ಎರಡು ವಾರ ಇತ್ತು. ಮೊದಲು ಕಾಲು ನೋವು ಅಂದ, ಆಟ ಆಡಿ ಬಂದಿರಬೇಕು ಅಂತ ಸುಮ್ಮನಾದೆವು. ಆಮೇಲೆ ಕಣಕಾಲಿನ ಮೇಲೆ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕೆಗಳು ಬಂದವು. ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದೇ ಜಾಸ್ತಿ, ಅದರಲ್ಲೂ ಎರಡರಿಂದ ಐದು ವರ್ಷದವರಲ್ಲಿ. ವೈದ್ಯರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಎರಡು ಮಾತು ಹೇಳಿದರು. ಒಂದು, ಚಿಕಿತ್ಸೆ ಎರಡು ಎರಡೂವರೆ ವರ್ಷ ಹಿಡಿಯುತ್ತದೆ, ಪೂರ್ತಿಯಾಗಿ ಚೆನ್ನಾಗಿ ಸಿಕ್ಕರೆ ಹತ್ತರಲ್ಲಿ ಎಂಟಕ್ಕಿಂತ ಜಾಸ್ತಿ ಮಕ್ಕಳು ಬದುಕುತ್ತಾರೆ. ಇನ್ನೊಂದು, ಇದು ನೀವಿಬ್ಬರೂ ಏನೋ ಮಾಡಿದ್ದರಿಂದ ಬಂದದ್ದಲ್ಲ. ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತಕಣ ಹುಟ್ಟುವಾಗ ಅದರ ಜೀನ್‌ನಲ್ಲಿ ಆಗುವ ಎಡವಟ್ಟು, ಬಹುಪಾಲು ಮಕ್ಕಳಲ್ಲಿ ಇದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ.

ನಾನು ಕೇಳಿಸಿಕೊಂಡದ್ದು ಮೊದಲ ಮಾತು ಮಾತ್ರ. ಎರಡನೆಯದು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಹತ್ತೊಂಬತ್ತು ತಿಂಗಳು ಚೆನ್ನಾಗಿಯೇ ನಡೆಯಿತು ಅನ್ನಬೇಕು. ಸ್ಟೀರಾಯ್ಡ್ ಕೊಟ್ಟಾಗ ಮುಖ ಊದಿ ಚಂದ್ರನ ಹಾಗೆ ಆಗುತ್ತಿತ್ತು, ನಡುರಾತ್ರಿ ಎದ್ದು ಹಸಿವು ಹಸಿವು ಅನ್ನುತ್ತಿದ್ದ. ಒಂದು ದಿನ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳನ್ನು, ಏರಿಸುತ್ತಿದ್ದರು. ಪ್ಲೇಟ್‌ಲೆಟ್ ಚೀಲ ನೋಡಿದ್ದೀರಾ? ಕೆಂಪಗಿರುವುದಿಲ್ಲ, ತೆಳು ಹಳದಿ. ಫ್ರಿಜ್ಜಿನಲ್ಲೂ ಇಡುವುದಿಲ್ಲ, ಹೊರಗೆ ಮೆಲ್ಲಗೆ ಅಲುಗಾಡಿಸುತ್ತಾ ಇಟ್ಟಿರುತ್ತಾರೆ, ಒಂದು ವಾರಕ್ಕಿಂತ ಜಾಸ್ತಿ ಬಾಳುವುದಿಲ್ಲ. ಅಂದರೆ ನೇತಾಡುತ್ತಿರುವ ಆ ಚೀಲ ಮೊನ್ನೆ ಮೊನ್ನೆ ಯಾರದೋ ತೋಳಿನಿಂದ ಬಂದದ್ದು. ಮಗ ಅದನ್ನೇ ನೋಡುತ್ತಾ ಮಲಗಿದ್ದ.

"ಅಪ್ಪಾ, ಇದು ಯಾರದು?"

"ಗೊತ್ತಿಲ್ಲ ಕಂದ."

"ಅವರಿಗೆ ನಾನು ಗೊತ್ತಾ?"

"ಇಲ್ಲ."

"ಮತ್ತೆ ಯಾಕೆ ಕೊಟ್ರು?"

ಅದಕ್ಕೆ ನಾನು ಏನೂ ಹೇಳಲಿಲ್ಲ. ನರ್ಸ್ ಬಂದರು, ಮಾತು ಅಲ್ಲಿಗೇ ನಿಂತಿತು.

ಇಪ್ಪತ್ತನೇ ತಿಂಗಳಲ್ಲಿ ಕಾಯಿಲೆ ಮರಳಿ ಬಂತು. ಈ ಸಲ ಔಷಧ ಇನ್ನೂ ಜೋರು, ಬಿಳಿ ರಕ್ತಕಣ ಸೊನ್ನೆಗೆ ಇಳಿಯಿತು, ಆಗ ಹಿಡಿದ ಸೋಂಕು ಬಿಡಲಿಲ್ಲ. ಮೂರು ದಿನ. ಅಷ್ಟೇ ಬರೆಯುತ್ತೇನೆ.

ಈಗ ನನ್ನ ತಪ್ಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅದು ಆಗುವಾಗ ತಪ್ಪಿನ ಹಾಗೆ ಕಾಣಲೇ ಇಲ್ಲ, ಭಕ್ತಿಯ ಹಾಗೆ ಕಂಡಿತು. ನಾನು ಗಟ್ಟಿ ನಂಬಿಕೆಯವನು, ದಿನ ತಪ್ಪದೆ ಪ್ರಾರ್ಥನೆ ಮಾಡಿದವನು. ಮಗ ಹೋದ ಮೇಲೆ ಜನ ಬಂದು "ಈ ಮನುಷ್ಯ ಎಷ್ಟು ಗಟ್ಟಿ ನೋಡಿ" ಅಂದರು, ನನಗೂ ಹಾಗೇ ಇರಬೇಕು ಅನಿಸಿತು. ಆದರೆ ಒಳಗೆ ಒಂದು ಲೆಕ್ಕ ಕೂರುತ್ತಿರಲಿಲ್ಲ. ಹತ್ತರಲ್ಲಿ ಎಂಟು ಮಕ್ಕಳು ಉಳಿಯುವಾಗ ನನ್ನ ಮಗು ಯಾಕೆ ಆ ಉಳಿದ ಇಬ್ಬರಲ್ಲಿ? ದೇವರು ನ್ಯಾಯವಂತ. ದೇವರಿಂದ ತಪ್ಪಾಗುವುದಿಲ್ಲ. ಐದೂವರೆ ವರ್ಷದ ಕೂಸು ತಪ್ಪು ಮಾಡಿರಲು ಸಾಧ್ಯವಿಲ್ಲ. ಹಾಗಾದರೆ ಬೇರೆ ಯಾರೋ ಮಾಡಿದ್ದಾರೆ. ನೋಡಿ, ಒಂದೊಂದು ಮೆಟ್ಟಿಲೂ ಎಷ್ಟು ಸರಿಯಾಗಿದೆ ಅನಿಸುತ್ತದೆ ಅಲ್ವಾ? ಹಾಗೆ ಮೆಟ್ಟಿಲು ಇಳಿಯುತ್ತಾ ಇಳಿಯುತ್ತಾ ನಾನು ನನ್ನ ಬದುಕನ್ನೆಲ್ಲ ಜಾಲಾಡಿದೆ, ಹೇಳಿದ ಸುಳ್ಳು, ಮುರಿದ ಮಾತು, ಅಪ್ಪನ ಜೊತೆ ಆಡಿದ ಜಗಳ, ಯಾವುದೂ ಅಷ್ಟು ದೊಡ್ಡದು ಅನಿಸಲಿಲ್ಲ. ಆಮೇಲೆ ಒಂದು ರಾತ್ರಿ ಮೂರು ಗಂಟೆಗೆ ನೆನಪಾಯಿತು. ಅವಳು ಬಸುರಿ ಅಂತ ಗೊತ್ತಾದ ಹೊಸದರಲ್ಲಿ, ಏಳನೇ ವಾರವೋ ಏನೋ, ಒಂದು ಸಂಜೆ ಸುಸ್ತಾಗಿ ಕೂತು "ಈಗಲೇ ಬೇಡವಾಗಿತ್ತು" ಅಂದಿದ್ದಳು. ಮರುದಿನ ಅವಳೇ ಅದನ್ನು ನೆನೆಸಿಕೊಂಡು ನಕ್ಕಿದ್ದಳು. ಆರು ವರ್ಷ ಅದು ನನಗೆ ನೆನಪೇ ಇರಲಿಲ್ಲ.

ನೆನಪಾದ ಕೂಡಲೇ ನನಗೆ ನೆಮ್ಮದಿ ಆಯಿತು. ಇದನ್ನು ನಾನು ಯಾರ ಹತ್ತಿರವೂ ಹೇಳಿರಲಿಲ್ಲ. ಮಗ ಹೋದ ಮೇಲೆ ಮೊದಲ ಸಲ ಎದೆಯ ಮೇಲಿನ ಕಲ್ಲು ಸರಿದ ಹಾಗಾಯಿತು. ಲೆಕ್ಕ ಕೂತಿತು. ದೇವರು ಉಳಿದುಕೊಂಡ.

ಬೆಳಿಗ್ಗೆ ಅವಳು ಮಂಚದ ಮೇಲೆ ಮಗನ ಬಟ್ಟೆಗಳನ್ನು ಹರಡಿಕೊಂಡು ಮಡಚುತ್ತಿದ್ದಳು. ನಾನು ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ. "ನೀನು ಯಾವತ್ತಾದರೂ ಈ ಮಗು ಬೇಡ ಅಂದುಕೊಂಡಿದ್ದೆಯಾ? ಹಾಗಿದ್ದರೆ ದೇವರ ಹತ್ತಿರ ಕ್ಷಮೆ ಕೇಳಿಬಿಡು, ಇಬ್ಬರಿಗೂ ಹಗುರಾಗುತ್ತದೆ." ನಿಜವಾಗಿಯೂ ಸಹಾಯ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅವಳ ಕೈಯಲ್ಲಿ ಒಂದು ಕಾಲುಚೀಲ ಇತ್ತು, ಜೋಡಿ ಇಲ್ಲದ್ದು. ಕೈ ನಿಂತಿತು. ಅದನ್ನು ಮಡಚಿದ ರಾಶಿಯ ಮೇಲೆ ಇಟ್ಟಳು, ಬೆರಳಿನಿಂದ ಒತ್ತಿ ಸಪಾಟು ಮಾಡಿದಳು, ಮತ್ತೆ ಮಾಡಿದಳು. "ಒಂದು ದಿನ ಅಂದುಕೊಂಡಿದ್ದೆ" ಅಂದಳು.

ಅವತ್ತಿನಿಂದ ತನ್ನ ಮಗನನ್ನು ತಾನೇ ಕೊಂದೆ ಅಂತ ಅವಳು ನಂಬಿದಳು. ನಾಲ್ಕು ತಿಂಗಳಲ್ಲಿ ತಾಯಿಯ ಮನೆಗೆ ಹೋದಳು, ಎರಡು ವರ್ಷ ಬರಲಿಲ್ಲ. ನಾನು "ಹಾಗೆ ಹೇಳಬಾರದಿತ್ತು" ಅಂತ ಎಷ್ಟು ಸಲ ಹೇಳಿದರೂ ಏನೂ ಆಗಲಿಲ್ಲ, ಯಾಕೆಂದರೆ ನಾನು ಹೇಳಿದ್ದು ಬೈಗುಳ ಆಗಿದ್ದರೆ ವಾಪಸ್ ತಗೋಬಹುದಿತ್ತು. ನಾನು ಅವಳಿಗೆ ಕೊಟ್ಟದ್ದು ಕಾರಣ. ದುಃಖದಲ್ಲಿರುವ ಮನುಷ್ಯ ಕಾರಣಕ್ಕೆ ಹಸಿದಿರುತ್ತಾನೆ, ಒಂದು ಸಲ ಸಿಕ್ಕಿದರೆ ಬಿಡುವುದಿಲ್ಲ, ಅದು ವಿಷವಾದರೂ ಸರಿ.

ಅವಳಿಲ್ಲದ ಆ ದಿನಗಳಲ್ಲಿ ಒಬ್ಬರು ತಾಯಿ ನನ್ನನ್ನು ನೋಡಲು ಬಂದಿದ್ದರು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರು, ಮಗಳನ್ನು ಕಳೆದುಕೊಂಡವರು. ಅರ್ಧ ದಿನ ಸುಮ್ನೆ ಕೂತಿದ್ದರು. ಹೊರಡುವಾಗ ಅವರು ಯೋಬನ ಕಥೆ ಹೇಳಿದರು. ಬೈಬಲ್‌ನಲ್ಲಿ ಯೋಬ, ಕುರಾನ್‌ನಲ್ಲಿ ಅಯ್ಯೂಬ್. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಹೋದವನು. ನಾನು ಅವನನ್ನು ತಾಳ್ಮೆಯ ಮನುಷ್ಯ ಅಂತ ಮಾತ್ರ ಕೇಳಿದ್ದೆ. ಆಮೇಲೆ ಬೈಬಲ್‌ನ ಆ ಭಾಗ ಓದಿದೆ, 42 ಅಧ್ಯಾಯ. ಅಲ್ಲಿ ಅವನು ತಾಳ್ಮೆಯಿಂದ ಇರುವುದು ಮೊದಲ ಎರಡು ಅಧ್ಯಾಯದಲ್ಲಷ್ಟೇ. ಮೂರನೆಯದರಲ್ಲಿ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ದೇವರ ಜೊತೆ ವಾದಕ್ಕೆ ನಿಲ್ಲುತ್ತಾನೆ. ಅವನ ಮೂವರು ಗೆಳೆಯರು ಬರುತ್ತಾರೆ, ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಅವನ ಜೊತೆ ಕೂರುತ್ತಾರೆ. ಅವರು ಮಾಡಿದ ಒಳ್ಳೆ ಕೆಲಸ ಅದೊಂದೇ. ಆಮೇಲೆ ಬಾಯಿ ತೆರೆಯುತ್ತಾರೆ, ದೇವರು ನ್ಯಾಯವಂತ, ನೀನೇ ಏನೋ ಮಾಡಿರಬೇಕು ಅಂತ ಒಬ್ಬರಾದ ಮೇಲೆ ಒಬ್ಬರು ದೇವರ ಪರ ವಾದಿಸುತ್ತಾರೆ. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಈ ಮೂವರ ಮೇಲೆ. ನೀವು ನನ್ನ ಬಗ್ಗೆ ಸರಿಯಾಗಿ ಮಾತಾಡಲಿಲ್ಲ, ಯೋಬ ಮಾತಾಡಿದ ಅನ್ನುತ್ತಾನೆ. ಜಗಳ ಆಡಿದವನು ಸರಿ, ದೇವರನ್ನು ಕಾಪಾಡಲು ಹೋದವರು ತಪ್ಪು. ಓದಿ ಮುಗಿಸಿದಾಗ ನಾನು ಯೋಬ ಅಲ್ಲ ಅಂತ ತಿಳಿಯಿತು. ನಾನು ಆ ಮೂವರಲ್ಲಿ ಒಬ್ಬ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಂಬಿಕೆ ಯಾಕೆ ಅಲುಗಬಾರದು? ಗಂಡ ಹೋಗಿದ್ದಾರೆ, ಮೈಯಲ್ಲಿ ಕಾಯಿಲೆ ಇದೆ, ಅಲುಗಲಿ. ಸಿಟ್ಟು ಬಂದರೆ ಬೈಯಿರಿ. ನಮ್ಮ ದಾಸರು ಹರಿಯನ್ನು ಬೈದು, ಕೆಣಕಿ, ಲೆಕ್ಕ ಕೇಳಿ ಹಾಡಿದ್ದಾರೆ, ಅದಕ್ಕೆ ನಿಂದಾಸ್ತುತಿ ಅಂತ ಹೆಸರೇ ಇದೆ, ಅದೂ ಸ್ತುತಿಯ ಒಂದು ಬಗೆ ಅಂತಲೇ ಎಣಿಸಿದ್ದಾರೆ. ಏನೂ ಅನಿಸದಿದ್ದರೆ ಅದಕ್ಕೂ ಹೆದರಬೇಡಿ. ಮದರ್ ತೆರೇಸಾ ತೀರಿಕೊಂಡ ಹತ್ತು ವರ್ಷಕ್ಕೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಹೊರಬಂದವು. ದಶಕಗಳ ಕಾಲ ಒಳಗೆ ದೇವರು ಇದ್ದಾನೆ ಅಂತಲೇ ಅನಿಸುತ್ತಿಲ್ಲ ಅಂತ ತಮ್ಮ ಗುರುಗಳಿಗೆ ಬರೆದಿದ್ದರು. ಅಷ್ಟಾದರೂ 2016ರಲ್ಲಿ ಅವರ ಚರ್ಚು ಅವರನ್ನು ಸಂತರು ಅಂತ ಘೋಷಿಸಿತು.

ಕರ್ಮ ಅಂತ ಯಾರಾದರೂ ಹೇಳಲು ಬಂದೇ ಬರುತ್ತಾರೆ. ಕರ್ಮದ ಮಾತು ನನ್ನ ಬದುಕನ್ನು ತಿದ್ದಿಕೊಳ್ಳಲು ನನಗೆ ನಾನೇ ಹೇಳಿಕೊಳ್ಳುವಂಥದ್ದು, ಅಳುತ್ತಿರುವವರ ಮುಂದೆ ಬಿಚ್ಚಿಡುವ ಲೆಕ್ಕದ ಪುಸ್ತಕ ಅಲ್ಲ. ಕುಂತಿಯ ಮಾತನ್ನೂ ತರುತ್ತಾರೆ, ಕಷ್ಟ ಬರುತ್ತಲೇ ಇರಲಿ, ಆಗಲಾದರೂ ನಿನ್ನ ದರ್ಶನ ಆಗುತ್ತದೆ ಅಂತ ಭಾಗವತದಲ್ಲಿ ಕೃಷ್ಣನನ್ನು ಕೇಳಿಕೊಂಡಳಲ್ಲ, ಅದು. ಅದು ಕುಂತಿ ಆಡಬಹುದಾದ ಮಾತು, ಎಲ್ಲ ಅನುಭವಿಸಿ ಆಡಿದಳು. ನಿಮ್ಮ ಪರವಾಗಿ ಅದನ್ನು ಆಡಲು ಬೇರೆ ಯಾರಿಗೂ ಹಕ್ಕಿಲ್ಲ. ಅಂಥವರು ಬಂದರೆ ಬಾಗಿಲು ಹಾಕಿಕೊಳ್ಳಿ, ಪಾಪ ಬರುವುದಿಲ್ಲ. ಹಾಗೇ ಚಿಕಿತ್ಸೆ ಒಂದು ದಿನವೂ ತಪ್ಪಿಸಬೇಡಿ, ಔಷಧ ಬಿಟ್ಟು ದೇವರನ್ನು ಪರೀಕ್ಷೆ ಮಾಡುವುದು ನಂಬಿಕೆ ಅಲ್ಲ. ಮತ್ತು ಆ ತಪ್ಪು ಹುಡುಕುವ ಕೆಲಸ ಇವತ್ತೇ ನಿಲ್ಲಿಸಿ. ದಯವಿಟ್ಟು. ನೀವು ಹುಡುಕುತ್ತಾ ಹೋದರೆ ಏನೋ ಒಂದು ಸಿಕ್ಕೇ ಸಿಗುತ್ತದೆ, ಐವತ್ತು ವರ್ಷದ ಬದುಕಿನಲ್ಲಿ ಯಾರಿಗೆ ಸಿಗುವುದಿಲ್ಲ ಹೇಳಿ?

ನನ್ನ ವಿಷಯಕ್ಕೆ ಬಂದರೆ, ಹನ್ನೊಂದು ತಿಂಗಳು ನಾನು ಪ್ರಾರ್ಥನೆ ಮಾಡಲಿಲ್ಲ. ಮತ್ತೆ ಶುರು ಮಾಡಿದ ದಿನ ಬಾಯಿಂದ ಬಂದದ್ದು "ನನ್ನ ಮಗನನ್ನು ಯಾಕೆ ತಗೊಂಡೆ" ಅನ್ನುವುದು ಮಾತ್ರ. ಬಹಳ ದಿನ ಅಷ್ಟೇ ಹೇಳಿದೆ. ಉತ್ತರ ಬಂದಿಲ್ಲ, ಇವತ್ತಿಗೂ. ಆದರೆ ಕೇಳುವಾಗ ಎದುರಿಗೆ ಯಾರೋ ಇದ್ದಾರೆ ಅನ್ನುವ ಭಾವ ಹೋಗಿಲ್ಲ. ನನ್ನಲ್ಲಿ ಉಳಿದಿರುವ ನಂಬಿಕೆ ಇಷ್ಟೇ, ಇದರಲ್ಲಿ ಬದುಕಬಹುದು.

ಅವಳು ವಾಪಸ್ ಬಂದಳು. ನನ್ನ ಕ್ಷಮೆಯಿಂದ ಅಲ್ಲ. ನನಗೆ ಹೇಳದೆ ಒಬ್ಬಳೇ ಹೋಗಿ ಅದೇ ವೈದ್ಯರನ್ನು ಕೇಳಿದ್ದಳಂತೆ, ನಾನು ಬೇಡ ಅಂದುಕೊಂಡಿದ್ದಕ್ಕೆ ಹೀಗಾಯಿತಾ ಅಂತ. ಅಮ್ಮನ ಯೋಚನೆ ಮಗುವಿನ ಮಜ್ಜೆಗೆ ಕೇಳಿಸುವುದಿಲ್ಲ ಅಂತ ಅವರು ಹೇಳಿದರಂತೆ. ಮೊದಲ ವಾರವೇ ಅವರು ಹೇಳಿದ ಆ ಎರಡನೇ ಮಾತು. ಅವಳು ಈಗ ಪ್ರಾರ್ಥನೆ ಮಾಡುತ್ತಾಳಾ ಅಂತ ನಾನು ಕೇಳುವುದಿಲ್ಲ, ಆ ಮನೆಯಲ್ಲಿ ಅಂಥ ಪ್ರಶ್ನೆ ಕೇಳುವ ಹಕ್ಕನ್ನು ನಾನು ಕಳೆದುಕೊಂಡಿದ್ದೇನೆ.

ಹೋದ ವರ್ಷ ಒಂದು ಸಂಜೆ ಅವಳು ಮನೆಗೆ ಬಂದಾಗ ಮೊಣಕೈ ಒಳಗೆ ಹತ್ತಿ ಇಟ್ಟು ಪಟ್ಟಿ ಹಾಕಿತ್ತು. ಗಾಬರಿಯಾಗಿ ಏನಾಯಿತು ಅಂದೆ. ಪ್ಲೇಟ್‌ಲೆಟ್ ಕೊಟ್ಟು ಬಂದೆ ಅಂದಳು, ಇದು ನಾಲ್ಕನೇ ಸಲವಂತೆ. ಒಂದೂವರೆ ಗಂಟೆ ಯಂತ್ರದ ಪಕ್ಕ ಮಲಗಬೇಕು, ರಕ್ತ ತೆಗೆದು, ಪ್ಲೇಟ್‌ಲೆಟ್ ಬೇರೆ ಮಾಡಿಕೊಂಡು, ಉಳಿದದ್ದನ್ನು ವಾಪಸ್ ಮೈಗೇ ಬಿಡುತ್ತಾರೆ. ಯಾಕೆ ಹೇಳಲಿಲ್ಲ ಅಂದೆ. "ಅವನು ನಿಮ್ಮನ್ನು ಒಂದು ಮಾತು ಕೇಳಿದ್ದ, ನೀವು ಉತ್ತರ ಹೇಳಲಿಲ್ಲ. ನಾನು ಬಾಗಿಲ ಹತ್ತಿರವೇ ನಿಂತಿದ್ದೆ" ಅಂದಳು.

ಮುಂದಿನ ಸಲ ನಾನೂ ಹೋದೆ. ಪಕ್ಕ ಪಕ್ಕದ ಕುರ್ಚಿ. ಚೀಲ ತುಂಬುವವರೆಗೂ ಇಬ್ಬರೂ ಮಾತಾಡಲಿಲ್ಲ.