‘ಮೊದಲು ದೇವರ ರಾಜ್ಯ’ ಅಂದರೆ ಕೆಲಸ, ಮನೆ ಬಿಟ್ಟು ಸೇವೆಗೆ ಇಳಿಯಬೇಕಾ?

ನಿಮ್ಮ ಪ್ರಶ್ನೆ ಓದಿದವನೇ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕೆಲಸ ಬಿಟ್ಟು ಸೇವೆಗೆ ಬಾ ಅಂತ ಸಭೆಯವರು, ಅಂದರೆ ಚರ್ಚಿನವರು, ‘ಮೊದಲು ದೇವರ ರಾಜ್ಯಕ್ಕಾಗಿ ತವಕಪಡಿರಿ’ ಅನ್ನುವ ಯೇಸುವಿನ ಮಾತು ತೋರಿಸುತ್ತಾರೆ, ಮನೆಯವರು ಬೇಡ ಅನ್ನುತ್ತಾರೆ, ಯಾರ ಮಾತು ಕೇಳಲಿ ಅಂತ ಬರೆದಿದ್ದೀರಿ. 2009ರಲ್ಲಿ ನಾನೂ ಇದನ್ನೇ ಕೇಳುತ್ತಾ ಓಡಾಡುತ್ತಿದ್ದೆ. ತಪ್ಪು ಉತ್ತರ ಹಿಡಿದುಕೊಂಡೆ. ಅದರ ಬೆಲೆ ತೆತ್ತದ್ದು ನಮ್ಮ ಅಮ್ಮ.

ಆಗ ನನಗೆ 25 ವರ್ಷ. ಊರು ಮೂಲ್ಕಿ ಹತ್ತಿರ. ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಅಕೌಂಟ್ಸ್ ಕೆಲಸ, ಸಂಬಳ 11 ಸಾವಿರ. ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು, ಆಗಲೇ ತೀರಿಹೋಗಿದ್ದರು. ಅಮ್ಮ ಊರಲ್ಲಿ ಅಕ್ಕನ ಜೊತೆ ಇದ್ದು ಬೀಡಿ ಕಟ್ಟುತ್ತಿದ್ದರು. ಆ ವರ್ಷ ಫೆಬ್ರವರಿಯಲ್ಲಿ ಅಮ್ಮನ ಕಣ್ಣು ನೋಡಿದ ಡಾಕ್ಟರು ಗ್ಲಾಕೋಮಾ ಅಂದರು. ಕಣ್ಣಿನೊಳಗಿನ ಪ್ರೆಷರ್ ಜಾಸ್ತಿಯಾಗಿ ನರ ಸಾಯುತ್ತಾ ಬರುವ ಕಾಯಿಲೆ. ಬೇಗ ಆಪರೇಷನ್ ಮಾಡಿಸಿ, ಅಲ್ಲಿವರೆಗೆ ಡ್ರಾಪ್ಸ್ ತಪ್ಪಿಸಬೇಡಿ ಅಂದರು. ನನ್ನ ಹತ್ತಿರ 38 ಸಾವಿರ ಉಳಿತಾಯ ಇತ್ತು. ಅದು ಅಮ್ಮನ ಕಣ್ಣಿಗೆ ಅಂತ ಅಕ್ಕನಿಗೆ ಮಾತು ಕೊಟ್ಟಿದ್ದೆ.

ಅದೇ ಹೊತ್ತಿಗೆ ನಾನು ಬೆಂಗಳೂರಲ್ಲಿ ಒಂದು ಪ್ರಾರ್ಥನಾ ಕೂಟಕ್ಕೆ ಹೋಗಲು ಶುರು ಮಾಡಿದ್ದೆ. ಹಾಡು, ಕಣ್ಣೀರು, ಉಪವಾಸ ಪ್ರಾರ್ಥನೆ, ಎಲ್ಲಾ ಮನಸ್ಸಿಗೆ ಹಿಡಿಸಿತ್ತು. ಅಲ್ಲಿನವರಿಗೆ ಕೆಟ್ಟ ಉದ್ದೇಶ ಇತ್ತು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಆದರೆ ಅಲ್ಲಿ ವಾರ ವಾರ ಕೇಳುತ್ತಿದ್ದದ್ದು ಒಂದೇ: ಈ ಲೋಕ ಹಾಳಾಗಿ ಹೋಗುವಂಥದ್ದು, ದೇವರ ರಾಜ್ಯ ಬೇರೆ ಕಡೆ ಇದೆ, ಅದು ಬೇಗ ಬರುತ್ತದೆ, ಅದಕ್ಕೆ ಖರ್ಚು ಮಾಡಿದ್ದು ಮಾತ್ರ ಉಳಿಯುತ್ತದೆ.

ಲೆಕ್ಕ ಬರೆಯುವುದು ನನ್ನ ಕಸುಬು. ಒಂದು ಉದ್ದದ ನೋಟ್‌ಬುಕ್ ತಗೊಂಡು ಹಾಳೆಯ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದೆ. ಎಡಗಡೆ ‘ರಾಜ್ಯ’, ಬಲಗಡೆ ‘ಲೋಕ’. ದಶಮಾಂಶ (ಸಂಪಾದನೆಯ ಹತ್ತನೇ ಒಂದು ಪಾಲು), ಕಾಣಿಕೆ, ಕೂಟಕ್ಕೆ ಹೋಗುವ ಬಸ್ ಚಾರ್ಜು ಎಡಕ್ಕೆ. ರೂಮಿನ ಬಾಡಿಗೆ, ಊಟ, ಮನೆಗೆ ಕಳಿಸುವ ದುಡ್ಡು ಬಲಕ್ಕೆ. ಬಲಗಡೆಯದು ತಿಂಗಳು ತಿಂಗಳು ಕಡಿಮೆಯಾಗಬೇಕು, ಎಡಗಡೆಯದು ಜಾಸ್ತಿಯಾಗಬೇಕು. ಅದೇ ಆತ್ಮಿಕ ಬೆಳವಣಿಗೆ ಅಂದುಕೊಂಡೆ. ಅಮ್ಮನ ಆಪರೇಷನ್‌ನ 38 ಸಾವಿರವನ್ನು ನನ್ನ ಕೈಯಾರೆ ಬಲಗಡೆ ಬರೆದೆ.

ಈ ಗೆರೆಯ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳಬೇಕು. ಕಥೆ ಕೇಳಿದವರು ನನ್ನ ತಪ್ಪನ್ನು ಬೇರೆ ಎಲ್ಲೋ ಹುಡುಕುತ್ತಾರೆ. ಕೂಟಕ್ಕೆ ಹೋದದ್ದೇ ತಪ್ಪು ಅನ್ನುತ್ತಾರೆ. ಅಲ್ಲ. ಸುವಾರ್ತೆ ಕೆಲಸಕ್ಕೆ ಒಂದು ವ್ಯಾನ್ ಬೇಕು ಅಂದಾಗ ಆ ದುಡ್ಡು ಕೊಟ್ಟದ್ದು ತಪ್ಪು ಅನ್ನುತ್ತಾರೆ. ಕೊಟ್ಟೆ ನಿಜ, ಮಾರ್ಚ್ ಕೊನೆಯಲ್ಲಿ, ಪೂರ್ತಿ 38 ಸಾವಿರ. ಏಪ್ರಿಲ್‌ನಲ್ಲಿ ಕೆಲಸವನ್ನೂ ಬಿಟ್ಟೆ. ಆದರೆ ಅವೆಲ್ಲ ಆಮೇಲಿನ ಮಾತು. ತಪ್ಪು ಆಗಿಹೋದದ್ದು ಸ್ಕೇಲ್ ಇಟ್ಟ ದಿನ. ಒಂದು ಸಲ ಅಮ್ಮ ಗೆರೆಯ ಆಚೆ ಹೋದರು ಅಂದ ಮೇಲೆ ಅವರಿಗೆ ಕೊಡುವ ಒಂದೊಂದು ರೂಪಾಯಿಯೂ ದೇವರಿಂದ ಕಿತ್ತುಕೊಂಡ ಹಾಗೆ ಕಾಣುತ್ತದೆ. ನಾನು ಕಲ್ಲು ಮನಸ್ಸಿನವನಾಗಿರಲಿಲ್ಲ. ಅಮ್ಮನಿಗಾಗಿ ದಿನಾ ಅತ್ತು ಪ್ರಾರ್ಥನೆ ಮಾಡುತ್ತಿದ್ದೆ. ಪ್ರಾರ್ಥನೆ ಎಡಗಡೆಯದು, ಡ್ರಾಪ್ಸ್ ಬಲಗಡೆಯದು. ಪ್ರೀತಿ ಇದ್ದೂ ಮಾಡಬೇಕಾದ್ದನ್ನು ಮಾಡದೆ ಉಳಿದೆ. ಅಮ್ಮ ಫೋನ್ ಮಾಡಿ ಡ್ರಾಪ್ಸ್ ಮುಗಿಯಿತು ಮಗಾ ಅಂದಾಗ ನಾನು ಹೇಳಿದ್ದು, “ಸ್ವಲ್ಪ ತಡಿ ಅಮ್ಮ, ದೇವರ ಕೆಲಸ ಮೊದಲು.” ಅವರು “ಆಯ್ತು” ಅಂದರು. ಮತ್ತೆ ಕೇಳಲಿಲ್ಲ. ತಿಂಗಳಿಗೆ 400 ರೂಪಾಯಿಯ ಬಾಟಲಿ ಅದು. ಅಕ್ಕನಿಗೂ ಹೇಳದೆ ನಿಲ್ಲಿಸಿಬಿಟ್ಟರು.

ನವೆಂಬರ್‌ನಲ್ಲಿ ಅಕ್ಕನ ಗಂಡ ಸಾಲ ಮಾಡಿ ಆಪರೇಷನ್ ಮಾಡಿಸಿದರು. ಎಡಗಣ್ಣು ಉಳಿಯಿತು. ಬಲಗಣ್ಣು ಅಷ್ಟರಲ್ಲಿ ಹೋಗಿತ್ತು. ಈ ಕಾಯಿಲೆಯಲ್ಲಿ ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬಹುದು ಅಷ್ಟೇ ಅಂತ ಡಾಕ್ಟರು ಹೇಳಿದರು.

ನಾನು ಊರಿಗೆ ಹೋದದ್ದು ಅದಾದ ಮೇಲೆ. ಸಂಜೆ ಹೊತ್ತು. ಅಮ್ಮ ಜಗಲಿಯಲ್ಲಿ ಗೆರಸೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಕತ್ತರಿಸುವ ಮೊದಲು ತಗಡಿನ ಅಳತೆಯನ್ನು ಎಲೆಯ ಮೇಲಿಟ್ಟು, ಅದರ ಅಂಚನ್ನು ಹೆಬ್ಬೆರಳಲ್ಲಿ ಸವರಿ ನೋಡುತ್ತಿದ್ದರು. ಹಿಂದೆ ಹಾಗೆ ಮಾಡುತ್ತಿರಲಿಲ್ಲ, ಬರೀ ಕಣ್ಣಳತೆಯಲ್ಲಿ ಕತ್ತರಿ ಓಡುತ್ತಿತ್ತು. ಹೆಬ್ಬೆರಳ ತುಂಬಾ ಗಾಯದ ಗುರುತು. ಬ್ರಾಂಚಿನಲ್ಲಿ ಬೀಡಿ ಸರಿ ಇಲ್ಲ ಅಂತ ವಾಪಸ್ ಮಾಡುತ್ತಾರೆ ಅಂತ ಅಕ್ಕ ಹೇಳಿದಳು. ಅಮ್ಮ ನನ್ನನ್ನು ಬೈಯಲಿಲ್ಲ. ಪ್ರಾರ್ಥನೆ ಮಾಡುವ ಅಂದರು. ಹುಡಿ ತುಂಬಿ ಸುತ್ತಿದ ಬೀಡಿಗೆ ನೂಲು ಕಟ್ಟುತ್ತಲೇ ಕರ್ತನ ಪ್ರಾರ್ಥನೆ ಶುರು ಮಾಡಿದರು. ‘ನಿನ್ನ ರಾಜ್ಯವು ಬರಲಿ.’ ಅಲ್ಲಿಗೇ ನಿಲ್ಲದೆ ಮುಂದಿನ ಮಾತು: ಪರಲೋಕದಲ್ಲಿ ನೆರವೇರುವ ಪ್ರಕಾರ ‘ಭೂಲೋಕದಲ್ಲಿಯೂ’ ನೆರವೇರಲಿ. ಸಂಡೇ ಸ್ಕೂಲಿನ ಕಾಲದಿಂದ ಬಾಯಿಪಾಠ ಇದ್ದ ಮಾತು. ಅವತ್ತು ಮೊದಲ ಸಲ ಕೇಳಿಸಿಕೊಂಡೆ. ರಾಜ್ಯ ಬರಬೇಕಾದದ್ದು ಇಲ್ಲಿಗೆ. ಈ ಜಗಲಿಗೆ. ನಾನು ಅದನ್ನು ಹುಡುಕಿಕೊಂಡು ಈ ಜಗಲಿ ಬಿಟ್ಟು ಹೋಗಿದ್ದೆ.

ಆಮೇಲೆ ಸುವಾರ್ತೆಗಳನ್ನು, ಅಂದರೆ ಯೇಸುವಿನ ಬದುಕನ್ನು ಹೇಳುವ ಮತ್ತಾಯ, ಮಾರ್ಕ, ಲೂಕ, ಯೋಹಾನರ ಪುಸ್ತಕಗಳನ್ನು, ಮತ್ತೆ ಮೊದಲಿನಿಂದ ಓದಿದೆ. ನಮ್ಮ ಊರಿನ ಹಳೆಯ ಸಭಾಪಾಲಕರೊಬ್ಬರು ಜೊತೆಗೆ ಕೂತು ಓದಿಸಿದರು. ಅವರು ಹೇಳಿಕೊಟ್ಟ ಮೊದಲ ವಿಷಯ: ‘ರಾಜ್ಯ’ ಅಂದ ಕೂಡಲೇ ನಮಗೆ ಗಡಿ, ನಕ್ಷೆ ಕಣ್ಣಿಗೆ ಬರುತ್ತದೆ. ಮೂಲದ ಗ್ರೀಕ್ ಪದ ‘ಬಸಿಲೆಯ’. ಅದರಲ್ಲಿ ಜಾಗಕ್ಕಿಂತ ಜಾಸ್ತಿ ಆಳ್ವಿಕೆಯ ಅರ್ಥ ಇದೆ. ಯೇಸು ಮಾತಾಡುತ್ತಿದ್ದ ಅರಾಮಿಕ್‌ನ ‘ಮಲ್ಕೂತ’ ಕೂಡ ಹಾಗೇ. ದೇವರು ಎಲ್ಲಿ ಆಳುತ್ತಾನೋ, ಅವನ ಚಿತ್ತ ಎಲ್ಲಿ ನಡೆಯುತ್ತದೋ, ಅದು. ಮತ್ತಾಯನು ‘ಪರಲೋಕ ರಾಜ್ಯ’ ಅಂತ ಬರೆದದ್ದನ್ನು ನೋಡಿ ನಾವು ಸತ್ತ ಮೇಲೆ ಹೋಗುವ ಜಾಗ ಅಂದುಕೊಳ್ಳುತ್ತೇವೆ. ಯೆಹೂದ್ಯರು ದೇವರ ಹೆಸರನ್ನು ಸುಮ್ಮನೆ ಬಾಯಲ್ಲಿ ಆಡುತ್ತಿರಲಿಲ್ಲ, ಗೌರವಕ್ಕೆ ‘ಪರಲೋಕ’ ಅನ್ನುತ್ತಿದ್ದರು. ಮಾರ್ಕ, ಲೂಕರು ‘ದೇವರ ರಾಜ್ಯ’ ಅಂದ ಕಡೆ ಮತ್ತಾಯನು ಹೆಚ್ಚಾಗಿ ಹೀಗೆ ಬರೆಯುತ್ತಾನೆ. ಹೇಳುವುದು ಒಂದನ್ನೇ.

ಎರಡನೆಯದು, ಮಾರ್ಕನ ಮೊದಲ ಅಧ್ಯಾಯ. ಇದನ್ನು ನೀವು ಇವತ್ತೇ ಓದಬೇಕು. 15ನೇ ವಚನದಲ್ಲಿ ಯೇಸು ದೇವರ ರಾಜ್ಯ ಹತ್ತಿರ ಬಂತು ಅಂತ ಸಾರುತ್ತಾನೆ. ಮರುಕ್ಷಣ ಮೀನು ಹಿಡಿಯುವ ಸೀಮೋನನೂ ಅಂದ್ರೆಯನೂ ಬಲೆ ಬಿಟ್ಟು ಹಿಂದೆ ಹೋಗುತ್ತಾರೆ. ಸೇವೆಗೆ ಕರೆಯುವವರು ಈ ಬಲೆಯ ಹತ್ತಿರವೇ ಪುಸ್ತಕ ಮುಚ್ಚುತ್ತಾರೆ. ನೀವು 29ನೇ ವಚನದವರೆಗೆ ಹೋಗಿ. ಎಲ್ಲರೂ ಬರುವುದು ಎಲ್ಲಿಗೆ? ಅದೇ ಸೀಮೋನನ ಮನೆಗೆ. ಅವನ ಅತ್ತೆಗೆ ಜ್ವರ. ಯೇಸು ಕೈ ಹಿಡಿದು ಎಬ್ಬಿಸುತ್ತಾನೆ. ರಾಜ್ಯ ಹತ್ತಿರ ಬಂತು ಅಂದ ಬಾಯಿ ಕಾಯಿಲೆಯ ಹೆಂಗಸು ಮಲಗಿದ್ದ ಕೋಣೆಗೆ ಬರುತ್ತದೆ. ಬಲೆ ಬಿಟ್ಟವನ ಮನೆ ಗೆರೆಯ ಆಚೆ ಬೀಳಲಿಲ್ಲ.

ಮೂರನೆಯದು ನನ್ನನ್ನು ನೆಲಕ್ಕೆ ಕೆಡವಿತು. ಮಾರ್ಕ 7ನೇ ಅಧ್ಯಾಯ. ತಂದೆ ತಾಯಿಗೆ ಸಲ್ಲಬೇಕಾದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮೀಸಲು ಅಂದುಬಿಟ್ಟರೆ ಅವರಿಗೆ ಏನೂ ಕೊಡಬೇಕಾಗಿಲ್ಲ ಅನ್ನುವ ರೂಢಿ ಅವತ್ತಿನ ಧರ್ಮಿಷ್ಠರಲ್ಲಿ ಇತ್ತು. ನಿಮ್ಮ ಸಂಪ್ರದಾಯದಿಂದ ದೇವರ ಮಾತನ್ನೇ ಇಲ್ಲ ಮಾಡಿದ್ದೀರಿ ಅಂತ ಯೇಸು ಅವರಿಗೆ ನೇರವಾಗಿ ಹೇಳುತ್ತಾನೆ. ನನ್ನ ನೋಟ್‌ಬುಕ್ಕಿನ ಎಡಗಡೆಗೆ ‘ರಾಜ್ಯ’ ಅಂತ ಬರೆದಿದ್ದೆ. ಅದರ ಸರಿಯಾದ ಹೆಸರು ಕೊರ್ಬಾನ್.

ಸತ್ತವರೇ ತಮ್ಮ ಸತ್ತವರನ್ನು ಹೂಣಿಡಲಿ ಅನ್ನುವ ಮಾತೂ ಇದೆಯಲ್ವಾ ಅಂತ ನೀವು ಕೇಳಬಹುದು. ಇದೆ, ಲೂಕ 9ರಲ್ಲಿ, ಮೊದಲು ತಂದೆಯನ್ನು ಹೂಣಿಟ್ಟು ಬರುತ್ತೇನೆ ಅಂದವನಿಗೆ ಯೇಸು ಹೇಳಿದ್ದು. ಆ ಮಾತು ಗಟ್ಟಿಯಾಗಿಯೇ ಇದೆ, ಅದನ್ನು ಮೆತ್ತಗೆ ಮಾಡಲು ನನಗೆ ಮನಸ್ಸಿಲ್ಲ. ಆದರೆ ಅದನ್ನು ಹೇಳಿದವನೇ ಶಿಲುಬೆಯ ಮೇಲಿಂದ ತನ್ನ ತಾಯಿಯನ್ನು ಶಿಷ್ಯನ ಕೈಗೆ ಒಪ್ಪಿಸಿದ. ಉಸಿರು ನಿಲ್ಲುವ ಹೊತ್ತಲ್ಲೂ ಮರೆಯಲಿಲ್ಲ.

ಇನ್ನೊಂದು ಮಾತು, ರಾಜ್ಯ ನಾಳೆಯೇ ಬರುತ್ತದೆ ಅನ್ನುವ ಆತುರದ ಬಗ್ಗೆ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಅನ್ನುವ ರೈತ ಬೋಧಕರ ಮಾತು ನಂಬಿದವರು 1844ರ ಅಕ್ಟೋಬರ್ 22ಕ್ಕೆ ಕ್ರಿಸ್ತ ಬರುತ್ತಾನೆ ಅಂತ ಕಾದರು. ಕೆಲವರು ಬೆಳೆದ ಬೆಳೆಯನ್ನು ಹೊಲದಲ್ಲೇ ಬಿಟ್ಟರು. ಬೆಳಗಾಯಿತು, ಹೊಲ ಹಾಗೇ ಇತ್ತು. ಯೇಸು ಹೇಳಿದ ಸಾಮ್ಯಗಳಲ್ಲಿ, ಅಂದರೆ ಹೋಲಿಕೆಯ ಕಥೆಗಳಲ್ಲಿ, ಈ ಆತುರ ಕಾಣಿಸುವುದಿಲ್ಲ. ರಾಜ್ಯ ಹೇಗೆ ಅಂದರೆ ಹೀಗೆ ಅಂತ ಒಂದು ಕಥೆ ಹೇಳುತ್ತಾನೆ. ಹೆಂಗಸೊಬ್ಬಳು ಮೂರು ಸೇರು ಹಿಟ್ಟಿನಲ್ಲಿ ಹುಳಿ ಅಡಗಿಸಿಡುತ್ತಾಳೆ. ನಮ್ಮ ‘ಸೇರು’ ಅಲ್ಲ ಅದು, ಆಗಿನ ಅಳತೆಯಲ್ಲಿ ಸುಮಾರು 40 ಲೀಟರ್ ಹಿಟ್ಟು, ಊರಿಗೇ ಊಟ ಹಾಕುವಷ್ಟು. ದೋಸೆ ಹಿಟ್ಟು ರುಬ್ಬಿಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾತ್ರಿ ಮುಚ್ಚಿಟ್ಟದ್ದು ಬೆಳಿಗ್ಗೆ ಮುಚ್ಚಳ ಎತ್ತಿರುತ್ತದೆ. ಹುದುಗು ಬರುವುದು ಆ ಹಿಟ್ಟಿನ ಒಳಗೇ.

ಕರಾವಳಿಯವನಾಗಿ ನನಗೆ ಇದು ಕಣ್ಣೆದುರಿಗೇ ಇತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾದವರನ್ನು ಅವರ ಸ್ವಂತ ಜನವೇ ಮನೆಯಿಂದ, ಕುಲಕಸುಬಿನಿಂದ ಹೊರಹಾಕುತ್ತಿತ್ತು. ಹಾಗೆ ಹೊರಬಿದ್ದವರಿಗೆ ಪರಲೋಕದ ಮಾತು ಮಾತ್ರ ಸಾಕಾಗಲಿಲ್ಲ. ನೇಯ್ಗೆ ಶುರುವಾಯಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. ಅಲ್ಲಿ ಎಲ್ಲವೂ ನ್ಯಾಯವಾಗಿ ನಡೆಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಕೂಲಿ, ಸೂರು, ಓದು ಇವು ಗೆರೆಯ ಬಲಗಡೆ ಬೀಳಲಿಲ್ಲ. ನಮ್ಮ ಅಪ್ಪನ ಅನ್ನವೂ ಹೆಂಚಿನಿಂದಲೇ ಬಂದದ್ದು.

ಹಾಗಂತ ರಾಜ್ಯ ಅಂದರೆ ಸಮಾಜಸೇವೆ, ಆಸ್ಪತ್ರೆ, ಶಾಲೆ, ಅಷ್ಟೇ ಅನ್ನುವವರ ಮಾತೂ ನನಗೆ ಸಾಲದು. ಅಮ್ಮನ ಬಲಗಣ್ಣು ಬರಲಿಲ್ಲ. ನಾನು ಎಷ್ಟು ದುಡಿದು ತಂದುಹಾಕಿದರೂ ಬರುವುದಿಲ್ಲ. ಬಾಸೆಲಿನಲ್ಲೇ ದೇವಶಾಸ್ತ್ರದ ಪ್ರೊಫೆಸರ್ ಆಗಿದ್ದ ಆಸ್ಕರ್ ಕುಲ್‌ಮನ್ ಇದಕ್ಕೊಂದು ಹೋಲಿಕೆ ಕೊಟ್ಟಿದ್ದರು. ಯುದ್ಧದಲ್ಲಿ ಗೆಲುವನ್ನು ನಿರ್ಧರಿಸುವ ಕಾಳಗ ಒಂದು ದಿನ ಮುಗಿಯುತ್ತದೆ, ವಿಜಯದ ದಿನ ಆಮೇಲೆ ಬರುತ್ತದೆ. 1944ರ ಜೂನ್‌ನಲ್ಲಿ ಎರಡನೇ ಮಹಾಯುದ್ಧದ ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಇಳಿದವು, 1945ರ ಮೇನಲ್ಲಿ ಯುರೋಪಿಗೆ ಶಾಂತಿ ಬಂತು. ನಡುವಿನ 11 ತಿಂಗಳೂ ಜನ ಸಾಯುತ್ತಲೇ ಇದ್ದರು. ಕ್ರಿಸ್ತನಲ್ಲಿ ರಾಜ್ಯ ಬಂದಾಗಿದೆ, ಪೂರ್ತಿ ಆಗಿಲ್ಲ. ನಾವು ಆ ನಡುವಿನ ತಿಂಗಳುಗಳಲ್ಲಿ ಇದ್ದೇವೆ. ಅಮ್ಮನ ಕಣ್ಣು ಅಲ್ಲಿಗೆ ಸೇರಿದ್ದು. ಒಂದು ದಿನ ಆ ಕಣ್ಣೂ ನೋಡುತ್ತದೆ ಅಂತ ನಾನು ಮನಸಾರೆ ನಂಬುತ್ತೇನೆ. ಅಲ್ಲಿವರೆಗೆ ಎಡಗಣ್ಣಿಗೆ ದಿನಾ ರಾತ್ರಿ 9ಕ್ಕೆ ಡ್ರಾಪ್ಸ್ ಹಾಕುವುದು ನನ್ನ ಕೆಲಸ. ನಾನು ಊರಿಗೇ ವಾಪಸ್ ಬಂದು ಈಗ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ.

ಈಗ ನಿಮ್ಮ ಪ್ರಶ್ನೆ. ಸಭೆಯಾ ಮನೆಯಾ ಅಂತ ಕೇಳಿದ್ದೀರಿ. ‘ಇದಾ ಅದಾ’ ಅನ್ನುವ ಆ ವಿಂಗಡಣೆಯನ್ನೇ ನಾನು ಒಪ್ಪುವುದಿಲ್ಲ, ನನ್ನ ಸ್ಕೇಲಿನ ಗೆರೆ ಅದೇ. ಸೇವೆಗೆ ಹೋಗಬೇಡಿ ಅಂತಲೂ ನಾನು ಹೇಳುವುದಿಲ್ಲ. ಕರೆ ನಿಜವಾಗಿದ್ದರೆ ಆರು ತಿಂಗಳು ಕಾದರೂ ಅದು ಇರುತ್ತದೆ. ಆ ಆರು ತಿಂಗಳಲ್ಲಿ ನಿಮ್ಮನ್ನು ನಂಬಿ ಯಾರು ಯಾವುದಕ್ಕೆ ಕಾಯುತ್ತಿದ್ದಾರೆ ನೋಡಿ. ಯಾರದೋ ಫೀಸು, ಯಾರದೋ ಔಷಧಿ, ತೀರದ ಸಾಲ. ಅದನ್ನು ದೇವರ ಕೆಲಸ ಅಂತಲೇ ಮಾಡಿ ಮುಗಿಸಿ. ಯಾರಾದರೂ ‘ಈಗಲೇ ಬಿಟ್ಟು ಬಾ, ಲೆಕ್ಕ ಹಾಕಬೇಡ’ ಅಂದರೆ, ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಎಣಿಸುತ್ತಾನೆ ಅಂತ ಯೇಸುವೇ ಹೇಳಿದ್ದನ್ನು ಅವರಿಗೆ ನೆನಪಿಸಿ. ಲೂಕ 14.

ಒಂದು ವಿಷಯ ಮಾತ್ರ ನಿಮ್ಮ ಪ್ರಶ್ನೆಯಲ್ಲಿ ನನಗೆ ಸಿಗಲಿಲ್ಲ. ಮನೆಯವರು ಬೇಡ ಅನ್ನುತ್ತಾರೆ ಅಂತ ಬರೆದಿದ್ದೀರಿ, ಯಾಕೆ ಬೇಡ ಅನ್ನುತ್ತಾರೆ ಅಂತ ಬರೆದಿಲ್ಲ. ಅವರನ್ನು ಕೂರಿಸಿಕೊಂಡು ಕೇಳಿದ್ದೀರಾ? ನಮ್ಮ ಅಮ್ಮ ಒಂದೇ ಸಲ ಹೇಳಿದ್ದರು, ಆಮೇಲೆ ಹೇಳಲಿಲ್ಲ.