‘ಪಾಪ ಮುಂಡೇದು’ ಅಂದ ಅಜ್ಜಿ

ಪ್ರಶ್ನೆ: ನನ್ನ ತವರು ಧಾರವಾಡ. ಮದುವೆಯಾಗಿ ಮಂಡ್ಯ ಹತ್ತಿರದ ಹಳ್ಳಿಗೆ ಬಂದಿದ್ದೇನೆ. ನೆಂಟರ ಜೊತೆ ಊಟಕ್ಕೆ ಕೂತಾಗ ಗಂಡನ ಅಜ್ಜಿ, ‘ಪಾಪ ಮುಂಡೇದು, ಮುದ್ದೆ ನುಂಗೋಕೂ ಬರಕಿಲ್ಲ’ ಅಂದರು. ಆಮೇಲೆ ತಾವೇ ಮುರಿದು ತಿನ್ನಿಸಿದರು, ನಿಜ. ಆದರೆ ಫೋನಿನಲ್ಲಿದ್ದ ನನ್ನ ಅಮ್ಮ ಆ ಮಾತು ಕೇಳಿ ಅತ್ತುಬಿಟ್ಟರು. ಗಂಡ ‘ನಮ್ಮ ಕಡೆ ಇದು ಮಾಮೂಲಿ, ಸುಮ್ನಿರು’ ಅಂತಾರೆ. ಅಜ್ಜಿಯೂ ಗಂಡನನ್ನು ಕಳೆದುಕೊಂಡವರೇ. ಅವರ ಜೊತೆ ಮಾತು ಬಿಟ್ಟಿದ್ದೇನೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ನಿಮಗೆ ನೋವಾಗಿದ್ದರಲ್ಲಿ ತಪ್ಪೇನೂ ಇಲ್ಲ. ಗಂಡ ಪಕ್ಕದಲ್ಲೇ ಕೂತು ಉಣ್ಣುತ್ತಿರುವಾಗ ಹೊಸ ಸೊಸೆಗೆ ಅಂಥ ಮಾತು ಬಿದ್ದರೆ ಯಾವ ತಾಯಿಯ ಎದೆ ಧಸಕ್ ಅನ್ನುವುದಿಲ್ಲ ಹೇಳಿ?

ಆದರೆ ಅಜ್ಜಿ ನಿಮ್ಮನ್ನು ಬೈದಿಲ್ಲ. ಮಂಡ್ಯ, ಮೈಸೂರು ಕಡೆ ಹಳಬರ ಬಾಯಲ್ಲಿ ‘ಪಾಪ ಮುಂಡೇದು’ ಅನ್ನುವುದು ಕನಿಕರದ ಮಾತು. ಜ್ವರ ಬಂದು ಮಲಗಿದ ಮೊಮ್ಮಗನಿಗೂ ಅಂತಾರೆ, ತಾಯಿ ಇಲ್ಲದ ಕರುವಿಗೂ ಅಂತಾರೆ. ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ. ಹಾಗೆ ಅಂದವರೇ ನಿಮ್ಮ ತಟ್ಟೆಯ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗೆ ಕೊಟ್ಟರು. ಬೈಯುವವರು ಹಾಗೆ ಮಾಡಲ್ಲ. ಪಾತ್ರೆ ಕೈಜಾರಿ ಬಿದ್ದಾಗ, ಸಿಟ್ಟು ನೆತ್ತಿಗೇರಿದಾಗ ಅದೇ ಮಾತು ಬಂದರೆ ಅದು ಬೇರೆ. ಆಗ ಮತ್ತೆ ಬರೆಯಿರಿ, ನನ್ನ ಉತ್ತರವೂ ಬೇರೆ ಇರುತ್ತದೆ.

ಇಂಥ ಎಡವಟ್ಟು ಎರಡೂ ಕಡೆಯಿಂದ ಆಗುತ್ತೆ. ಇಲ್ಲಿಯವರು ಬೆಳಗ್ಗೆ ‘ತಿಂಡಿ ಆಯ್ತಾ?’ ಅಂತ ಪ್ರೀತಿಯಿಂದಲೇ ಕೇಳುತ್ತಾರೆ. ನಿಮ್ಮ ಕಡೆ ‘ತಿಂಡಿ ಐತೇನು?’ ಅಂದರೆ ಜಗಳಕ್ಕೆ ಕರೆದ ಹಾಗೆ. ಬೆಳಗಿನದು ನಿಮಗೆ ನಾಷ್ಟಾ. ನಂಜನಗೂಡಿನ ಕಡೆಯವರು ‘ಹಟ್ಟಿಗೆ ಬನ್ನಿ’ ಅಂದರೆ ಮನೆಗೆ ಕರೆದರು ಅಂತ. ಮಂಗಳೂರಿನವರಿಗೆ ಹಟ್ಟಿ ಅಂದರೆ ದನದ ಕೊಟ್ಟಿಗೆ. 1956ಕ್ಕೆ ಮೊದಲು ಧಾರವಾಡ ಮುಂಬೈ ಆಡಳಿತದಲ್ಲಿತ್ತು, ಮಂಡ್ಯ ಮೈಸೂರು ಸಂಸ್ಥಾನದಲ್ಲಿತ್ತು. ನಿಮ್ಮ ಕಡೆಯ ಮಾತು ಮರಾಠಿ, ಉರ್ದು ಒಡನಾಟದಲ್ಲಿ ಬೆಳೆಯಿತು, ಇಲ್ಲಿಯದು ಇಲ್ಲಿಯ ಹಾಗೆ.

ಹಾಗಂತ ನಿಮ್ಮ ಯಜಮಾನರ ‘ಸುಮ್ನಿರು’ ನನಗೆ ಒಪ್ಪಿಗೆಯಿಲ್ಲ. ಮೈಸೂರಿನ ಯಾವುದಾದರೂ ಆಫೀಸಿನಲ್ಲಿ ಜೊತೆಗಿರುವ ಹೆಂಗಸಿಗೆ ಅವರು ‘ಪಾಪ ಮುಂಡೇದು’ ಅಂದಾರಾ? ಅನ್ನಲ್ಲ. ಅಂದಮೇಲೆ ಆ ಮಾತು ಚುಚ್ಚುತ್ತದೆ ಅಂತ ಅವರಿಗೂ ಗೊತ್ತು. ಸಂಸ್ಕೃತದಲ್ಲಿ ‘ಮುಂಡ’ ಅಂದರೆ ಬೋಳು ತಲೆ. ಗಂಡ ಸತ್ತವಳ ತಲೆ ಬೋಳಿಸಿ ಮೂಲೆಗೆ ಕೂರಿಸುತ್ತಿದ್ದ ಕ್ರೌರ್ಯದಿಂದ ಹುಟ್ಟಿದ ಮಾತದು. ಅಜ್ಜಿಯ ಬಾಯಲ್ಲಿ ಅದು ಮೆತ್ತಗಾಗಿದೆ ಅಷ್ಟೆ. ನೀವು ಸಹಿಸಿಕೊಳ್ಳಲೇಬೇಕು ಅಂತೇನೂ ಇಲ್ಲ.

ಅಜ್ಜಿಗೆ ನೀವೇ ಹೇಳಿ, ಬೇರೆಯವರ ಬಾಯಲ್ಲಿ ಹೇಳಿಸಬೇಡಿ. ನೆಂಟರು ಇಲ್ಲದಾಗ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಾ ಹೇಳಿದರೂ ಆಯ್ತು. ಆದರೆ ಒಂದು ವಿಷಯದಲ್ಲಿ ಹುಷಾರು. ‘ನಮ್ಮ ಕಡೆ ಅದು ಗಂಡ ಸತ್ತವರಿಗೆ ಅನ್ನೋ ಮಾತು’ ಅಂತ ಬಿಡಿಸಿ ಹೇಳಲು ಹೋಗಬೇಡಿ. ಅದು ನಿಮಗಿಂತ ಜಾಸ್ತಿ ಅವರಿಗೇ ತಾಗುತ್ತದೆ. ‘ಅಜ್ಜಿ, ನಮ್ಮ ಕಡೆ ಹಂಗಂದ್ರ ಬೈದಂಗ ಆಗ್ತದ್ರಿ. ನನಗ ಬ್ಯಾರೆ ಏನಾರ ಅನ್ರಿ’ ಅಂದರೆ ಸಾಕು. ನಿಮ್ಮ ಮಾತಿನಲ್ಲೇ ಹೇಳಿ, ಅವರಿಗೆ ಅರ್ಥವಾಗುತ್ತೆ. ಇಷ್ಟು ವರ್ಷದ ರೂಢಿ, ಮತ್ತೆ ಬಾಯಿತಪ್ಪಿ ಬರಬಹುದು. ಆಗ ‘ಅಜ್ಜೀ...’ ಅಂತ ನೆನಪಿಸಿ, ಮುನಿಸಿಕೊಳ್ಳಬೇಡಿ.

ಅಮ್ಮನಿಗೆ ಮಾತ್ರ ನೀವು ಸಮಜಾಯಿಷಿ ಕೊಡಬೇಡಿ. ನೀವು ಎಷ್ಟೇ ಹೇಳಿದರೂ, ಮಗಳು ಕಷ್ಟ ಮುಚ್ಚಿಡುತ್ತಿದ್ದಾಳೆ ಅಂತಲೇ ಅವರಿಗೆ ಅನ್ನಿಸುತ್ತೆ. ಅವರನ್ನು ಅಳಿಸಿದ್ದು ಒಂದು ಮಾತಲ್ಲ, ಆ ಮನೆಯಲ್ಲಿ ನನ್ನ ಮಗಳಿಗೆ ಮರ್ಯಾದೆ ಇದೆಯೋ ಇಲ್ಲವೋ ಅನ್ನುವ ಭಯ. ಅದಕ್ಕೆ ಅಳಿಯನೇ ಉತ್ತರ ಕೊಡಬೇಕು. ಇವತ್ತು ರಾತ್ರಿಯೇ ನಿಮ್ಮ ಯಜಮಾನರು ಫೋನ್ ಮಾಡಲಿ. ಅಜ್ಜಿ ಯಾಕೆ ಹಾಗಂದರು ಅಂತ ಹೇಳಿ, ‘ನಿಮಗೆ ನೋವಾಯ್ತು, ಕ್ಷಮಿಸಿ ಅತ್ತೆ’ ಅನ್ನಲಿ. ಮುಂದಿನ ಹಬ್ಬಕ್ಕೆ ಅತ್ತೆ ಮಾವ ಇಬ್ಬರನ್ನೂ ಮನೆಗೆ ಕರೆಯಲಿ.