ಸೂರ್ಯನಿಗೆ ಅಷ್ಟು ತೂಕ ಇಲ್ಲ

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನನ್ನ ಮಗ ಏಳನೇ ಕ್ಲಾಸು. ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿಕೊಂಡು, "ಸೂರ್ಯ ಒಂದಿನ ಬ್ಲ್ಯಾಕ್ ಹೋಲ್ ಆಗಿ ಭೂಮಿನ ನುಂಗಿಬಿಡ್ತಾನೆ, ಹೋಂವರ್ಕ್ ಮಾಡಿ ಏನು ಪ್ರಯೋಜನ" ಅನ್ನುತ್ತಿದ್ದಾನೆ. ನಮ್ಮ ಮಾವನವರು ದಿನಾ ಬೆಳಿಗ್ಗೆ ಸೂರ್ಯನಿಗೆ ನೀರು ಬಿಡುವವರು. ಅವರಿಗೆ ಈ ಮಾತು ಕೇಳಿದರೆ ಸಿಟ್ಟು. ಊಟಕ್ಕೆ ಕೂತಾಗಲೆಲ್ಲ ತಾತ ಮೊಮ್ಮಗನಿಗೆ ಇದೇ ಜಗಳ. ನಿಜಕ್ಕೂ ಹಾಗಾಗುತ್ತಾ?
– ಒಬ್ಬ ತಾಯಿ, ವಿನೋಬನಗರ, ದಾವಣಗೆರೆ

ಉತ್ತರ: ಇಲ್ಲ ತಾಯಿ, ಆಗುವುದಿಲ್ಲ. ಹೋಂವರ್ಕ್ ಮಾಡಲೇಬೇಕು ಅಂತ ಅವನಿಗೆ ಹೇಳಿ. ಆದರೆ ಮಾವನವರು ಪೂರ್ತಿ ಗೆದ್ದೆ ಅಂದುಕೊಳ್ಳುವುದೂ ಬೇಡ. ಸೂರ್ಯನಿಗೂ ಒಂದು ಕೊನೆ ಇದೆ. ಅದು ಬೇರೆ ಥರದ್ದು, ಅಷ್ಟೇ.

ನಕ್ಷತ್ರದ ಹಣೆಬರಹ ಬರೆಯುವುದು ಅದರ ತೂಕ. (ನಾನು ಕಾಲೇಜಿನಲ್ಲಿ ಪಾಠ ಮಾಡುವಾಗ 'ದ್ರವ್ಯರಾಶಿ' ಬರೆಯದೆ 'ತೂಕ' ಅಂತ ಬರೆದವರಿಗೆ ಅರ್ಧ ಮಾರ್ಕು ಕಡಿಯುತ್ತಿದ್ದೆ. ಈಗ ರಿಟೈರ್ ಆಗಿದ್ದೇನೆ, ಕೇಳುವವರಿಲ್ಲ.) ಸೂರ್ಯನ ತೂಕ 3,33,000 ಭೂಮಿಗಳಷ್ಟು. ಅಷ್ಟೂ ತೂಕ ಒಳಕ್ಕೆ ಒತ್ತುತ್ತಿದೆ. ನಡುವಿನಲ್ಲಿ ಸುಮಾರು 1.5 ಕೋಟಿ ಡಿಗ್ರಿ ಬಿಸಿ. ಅಲ್ಲಿ ಸೆಕೆಂಡಿಗೆ 60 ಕೋಟಿ ಟನ್ ಹೈಡ್ರೋಜನ್ ಹೀಲಿಯಂ ಆಗುತ್ತಿದೆ. ಆ ಬಿಸಿ ಹೊರಕ್ಕೆ ತಳ್ಳುತ್ತದೆ. 460 ಕೋಟಿ ವರ್ಷದಿಂದ ಈ ಎರಡೂ ಸರಿಸಮ ನಿಂತಿವೆ. ಇನ್ನೂ 500 ಕೋಟಿ ವರ್ಷಕ್ಕೆ ಸಾಕಾಗುವಷ್ಟು ಹೈಡ್ರೋಜನ್ ಒಳಗಿದೆ.

ಅದು ಮುಗಿದ ಮೇಲೆ ಸೂರ್ಯ ಊದಿಕೊಂಡು ಕೆಂಪು ದೈತ್ಯ ಆಗುತ್ತಾನೆ. ನಿಮ್ಮ ಮಗ ಹೇಳುವ ನುಂಗಾಟ ನಡೆಯುವುದು ಇಲ್ಲಿ. ಬುಧ, ಶುಕ್ರ ಹೋದವು ಅಂತಲೇ ಲೆಕ್ಕ. ಭೂಮಿಯ ವಿಷಯದಲ್ಲಿ ಮಾತ್ರ ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ. ಯಾಕೆಂದರೆ ಊದುತ್ತಾ ಸೂರ್ಯ ತೂಕ ಕಳೆದುಕೊಳ್ಳುತ್ತಾನೆ, ಹಿಡಿತ ಸಡಿಲವಾಗಿ ಭೂಮಿ ಸ್ವಲ್ಪ ದೂರ ಸರಿಯುತ್ತದೆ. ಉಳಿಯಬಹುದು, ಉಳಿಯದೆಯೂ ಇರಬಹುದು. ನಾವಂತೂ ಅದನ್ನು ನೋಡಲು ಇರುವುದಿಲ್ಲ. ಸೂರ್ಯನ ಪ್ರಖರತೆ 100 ಕೋಟಿ ವರ್ಷಕ್ಕೆ ಸುಮಾರು ಶೇ 10ರಷ್ಟು ಏರುತ್ತಾ ಹೋಗುತ್ತದೆ. ಸಮುದ್ರಗಳು ಆರಿಹೋಗಲು ಅಷ್ಟೇ ಸಾಕು. ದಾವಣಗೆರೆಯ ಏಪ್ರಿಲ್ ಬಿಸಿಲನ್ನೇ ತಡೆಯಲಾರದ ನಾವು ಅದರ ಮೇಲೆ ಇನ್ನಷ್ಟನ್ನು ತಡೆಯುವುದುಂಟೇ?

ಕೊನೆಗೆ ಸೂರ್ಯ ತನ್ನ ಹೊರ ಪದರಗಳನ್ನೆಲ್ಲ ಊದಿ ಬಿಡುತ್ತಾನೆ. ಉಳಿಯುವುದು ಕಾರ್ಬನ್, ಆಕ್ಸಿಜನ್ ತುಂಬಿದ ತಿರುಳು. ಈಗಿನ ತೂಕದಲ್ಲಿ ಸುಮಾರು ಅರ್ಧ, ಗಾತ್ರದಲ್ಲಿ ಭೂಮಿಯಷ್ಟು. ಇದೇ ಬಿಳಿ ಕುಬ್ಜ. ಉರಿಯಲು ಏನೂ ಇಲ್ಲ. ಹಾಗಾದರೆ ಅದು ಇನ್ನೂ ಕುಸಿದು ಕಪ್ಪುಕುಳಿ (ನಿಮ್ಮ ಮಗನ ಬ್ಲ್ಯಾಕ್ ಹೋಲ್, ಬೆಳಕೂ ತಪ್ಪಿಸಿಕೊಳ್ಳಲಾರದಷ್ಟು ಸೆಳೆತ ಇರುವಂಥದ್ದು) ಯಾಕೆ ಆಗಬಾರದು? ಪ್ರಶ್ನೆಯ ಜೀವ ಇರುವುದು ಇಲ್ಲೇ.

ತಡೆಯುವುದು ಎಲೆಕ್ಟ್ರಾನ್‌ಗಳು. ಸೋಮವಾರ ಬೆಳಿಗ್ಗೆ ಚಿತ್ರದುರ್ಗಕ್ಕೆ ಹೊರಟ ಬಸ್ಸು ನೆನಪಿಸಿಕೊಳ್ಳಿ. ಒಂದು ಸೀಟಿಗೆ ಒಬ್ಬರೇ, ಯಾರೂ ಯಾರನ್ನೂ ತೊಡೆಯ ಮೇಲೆ ಕೂರಿಸಿಕೊಳ್ಳುವುದಿಲ್ಲ. ಕಂಡಕ್ಟರ್ ಎಷ್ಟೇ ಒತ್ತಿದರೂ ಜನ ಒಂದು ಹಂತದ ಮೇಲೆ ಅಲುಗುವುದಿಲ್ಲ. ಎಲೆಕ್ಟ್ರಾನ್‌ಗಳೂ ಅಷ್ಟೇ, ಒಂದೇ ಸ್ಥಿತಿಯಲ್ಲಿ ಎರಡು ಇರಲು ಒಪ್ಪುವುದಿಲ್ಲ. ಈ ಹಠಕ್ಕೆ ಬಿಸಿ ಬೇಕಿಲ್ಲ. ಹಾಗಾಗಿ ತಣ್ಣಗಾದ ಮೇಲೂ ಬಿಳಿ ಕುಬ್ಜ ಕುಸಿಯದೆ ನಿಲ್ಲುತ್ತದೆ.

ಈ ಹಠಕ್ಕೂ ಮಿತಿ ಇದೆ ಅಂತ ಕಂಡುಕೊಂಡವರು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್, ಸಿ.ವಿ. ರಾಮನ್ ಅವರ ಅಣ್ಣನ ಮಗ. 1930ರಲ್ಲಿ ಮದ್ರಾಸಿನಲ್ಲಿ ಓದು ಮುಗಿಸಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟಾಗ ಅವರಿಗೆ 19 ವರ್ಷ. ಹಡಗಿನಲ್ಲೇ ಲೆಕ್ಕ ಶುರು ಮಾಡಿದರು. ಆಮೇಲೆ ತಿದ್ದಿ ತೀಡಿ ನಿಂತ ಅಂಕಿ, ಸೂರ್ಯನ ತೂಕದ 1.4 ಪಟ್ಟು. ಅದನ್ನು ಮೀರಿದ ತಿರುಳನ್ನು ಎಲೆಕ್ಟ್ರಾನ್‌ಗಳು ಹಿಡಿದು ನಿಲ್ಲಿಸಲಾರವು. 1935ರಲ್ಲಿ ಲಂಡನ್ನಿನ ಸಭೆಯಲ್ಲಿ ಆ ಕಾಲದ ದೊಡ್ಡ ಖಗೋಳಶಾಸ್ತ್ರಜ್ಞ ಎಡಿಂಗ್ಟನ್ ಎದ್ದು ನಿಂತು ಇದನ್ನು ಗೇಲಿ ಮಾಡಿದರು. ನಕ್ಷತ್ರ ಹಾಗೆ ಹುಚ್ಚುಚ್ಚಾಗಿ ಕುಸಿಯಲು ನಿಸರ್ಗ ಬಿಡುವುದಿಲ್ಲ ಅನ್ನುವುದು ಅವರ ವಾದ. ಚಂದ್ರಶೇಖರ್‌ಗೆ ನೊಬೆಲ್ ಬಂದಿದ್ದು 1983ರಲ್ಲಿ. ಕ್ಲಾಸಿನಲ್ಲಿ ಈ ಕಥೆ ಹೇಳುವಾಗ ಹಿಂದಿನ ಬೆಂಚಿನವರೂ ಕಿವಿ ಕೊಡುತ್ತಿದ್ದರು. ದೊಡ್ಡವರು ಹೇಳಿದ್ದೆಲ್ಲ ಸರಿ ಇರಬೇಕಿಲ್ಲ ಅನ್ನುವುದು ಅವರಿಗೆ ಇಷ್ಟದ ಸಂಗತಿ, ಅಲ್ವಾ!

ಈಗ ಲೆಕ್ಕ ಹಾಕಿ. ಮಿತಿ 1.4, ಸೂರ್ಯನಲ್ಲಿ ಉಳಿಯುವುದು ಅರ್ಧ. ಹತ್ತಿರ ಕೂಡ ಇಲ್ಲ. 1.4 ದಾಟಿದ ತಿರುಳೂ ನೇರ ಕಪ್ಪುಕುಳಿ ಆಗಬೇಕಿಲ್ಲ, ನಡುವೆ ನ್ಯೂಟ್ರಾನ್ ನಕ್ಷತ್ರ (ಬಿಳಿ ಕುಬ್ಜಕ್ಕಿಂತಲೂ ಚಿಕ್ಕದಾಗಿ ಅದುಮಿಕೊಂಡ ತಿರುಳು) ಅನ್ನುವ ಇನ್ನೊಂದು ತಡೆ ಇದೆ. ಹುಟ್ಟುವಾಗಲೇ ಸೂರ್ಯನ ಸುಮಾರು 20 ಪಟ್ಟೋ ಅದಕ್ಕಿಂತ ಹೆಚ್ಚೋ ತೂಗುವ ನಕ್ಷತ್ರಗಳಿಗೆ ಮಾತ್ರ ಕಪ್ಪುಕುಳಿ ಆಗುವ ಯೋಗ.

ಇನ್ನು 'ನುಂಗಿಬಿಡ್ತಾನೆ' ಅನ್ನುವ ಮಾತು. ನನಗೆ ಜಾಸ್ತಿ ಸಿಟ್ಟು ಬರುವುದು ಇದಕ್ಕೇ. ವಿಡಿಯೊದವರು ಕಪ್ಪುಕುಳಿ ಎಂದರೆ ಸುತ್ತಲಿನದನ್ನೆಲ್ಲ ಹೀರುವ ರಾಕ್ಷಸ ಅನ್ನುವ ಹಾಗೆ ತೋರಿಸುತ್ತಾರೆ. ಯಾರೋ ಮಂತ್ರ ಹಾಕಿ ಈ ಕ್ಷಣವೇ ಸೂರ್ಯನನ್ನು ಕಪ್ಪುಕುಳಿ ಮಾಡಿದರು ಅಂತಲೇ ಇಟ್ಟುಕೊಳ್ಳಿ. 14 ಲಕ್ಷ ಕಿಲೋಮೀಟರ್ ಅಗಲದ ಸೂರ್ಯ 6 ಕಿಲೋಮೀಟರ್ ಅಗಲಕ್ಕೆ ಇಳಿಯುತ್ತಾನೆ. ನಮ್ಮ ದಾವಣಗೆರೆಯೊಳಗೆ ಹಿಡಿಸುತ್ತಾನೆ. ಆದರೆ ತೂಕ ಅಷ್ಟೇ, ಆದ್ದರಿಂದ ನಮ್ಮನ್ನು ಎಳೆಯುವ ಸೆಳೆತವೂ ಅಷ್ಟೇ. ಎಂಟು ನಿಮಿಷ ಕಳೆದ ಮೇಲೆ ಕತ್ತಲಾಗುತ್ತದೆ. ಭೂಮಿ ಮಾತ್ರ ಅದೇ ದಾರಿಯಲ್ಲಿ, ಅದೇ 365 ದಿನಕ್ಕೆ ಒಂದು ಸುತ್ತು ಹೊಡೆಯುತ್ತಲೇ ಇರುತ್ತದೆ. ನಾವು ಸಾಯುವುದು ಚಳಿಗೆ.

ಇದು ಬರೀ ಕಲ್ಪನೆ ಅಲ್ಲ. 2022ರಲ್ಲಿ ಗಯಾ ಉಪಗ್ರಹದ ಮಾಹಿತಿಯಿಂದ ಒಂದು ಜೋಡಿ ಸಿಕ್ಕಿತು. 1,500 ಬೆಳಕಿನ ವರ್ಷಕ್ಕಿಂತ (ಬೆಳಕು ಒಂದು ವರ್ಷದಲ್ಲಿ ಹೋಗುವಷ್ಟು ದೂರವೇ ಒಂದು ಬೆಳಕಿನ ವರ್ಷ) ಸ್ವಲ್ಪ ಆಚೆ, ಸೂರ್ಯನ ಸುಮಾರು ಹತ್ತು ಪಟ್ಟು ತೂಕದ ಕಪ್ಪುಕುಳಿ. ಅದರ ಸುತ್ತ ನಮ್ಮ ಸೂರ್ಯನಂಥದ್ದೇ ನಕ್ಷತ್ರವೊಂದು 186 ದಿನಕ್ಕೊಮ್ಮೆ ಸುತ್ತುತ್ತಿದೆ. ಯಾರೂ ಯಾರನ್ನೂ ನುಂಗಿಲ್ಲ.

ಪ್ರಶ್ನೆ: ಸರ್, ಸೂರ್ಯನಿಗೆ ತೂಕ ಕಡಿಮೆ ಆದರೆ ಹೊರಗಿನಿಂದ ಸೇರಿಸಬಹುದಲ್ಲ?
– ಪಿಯುಸಿ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಎಲ್ಲಿಂದ ತರ್ತೀಯಪ್ಪಾ? ಗುರು, ಶನಿ ಎಲ್ಲ ಗ್ರಹಗಳನ್ನೂ ಸೂರ್ಯನೊಳಗೆ ಹಾಕಿದರೂ ಅವನ ತೂಕ ಶೇ 0.2ರಷ್ಟೂ ಏರುವುದಿಲ್ಲ. ಪಕ್ಕದ ಮನೆಯ ನಕ್ಷತ್ರ ಇರುವುದು 4.2 ಬೆಳಕಿನ ವರ್ಷ ದೂರ. ಜೋಡಿ ನಕ್ಷತ್ರದಿಂದ ಕದ್ದು ತೂಕ ಏರಿಸಿಕೊಳ್ಳುವ ಬಿಳಿ ಕುಬ್ಜಗಳು ಇವೆ. ಆದರೆ ಕಾರ್ಬನ್-ಆಕ್ಸಿಜನ್ ಕುಬ್ಜವಾದರೆ 1.4ರ ಹತ್ತಿರ ಬರುವಾಗ ಸಾಮಾನ್ಯವಾಗಿ ಒಳಗಿನ ಕಾರ್ಬನ್ ಹೊತ್ತಿಕೊಂಡು ಇಡೀ ನಕ್ಷತ್ರವೇ ಸಿಡಿದು ಚೂರಾಗುತ್ತದೆ. ಕಪ್ಪುಕುಳಿ ಆಗಲು ಏನೂ ಉಳಿಯುವುದಿಲ್ಲ.

ಪ್ರಶ್ನೆ: ರಾತ್ರಿ ಪಾಳಿ ಕರೆಂಟಿಗೆ ಮೋಟರ್ ಹಾಕಲು ಹೊಲಕ್ಕೆ ಹೋಗುತ್ತೇನೆ. ಆಕಾಶದಲ್ಲಿ ಕಪ್ಪುಕುಳಿ ಯಾವ ಕಡೆ ಇದೆ?
– ಒಬ್ಬ ರೈತ, ಚಳ್ಳಕೆರೆ ತಾಲ್ಲೂಕು

ಉತ್ತರ: ಮೇ ತಿಂಗಳಲ್ಲಿ ರಾತ್ರಿ ಒಂದು ಗಂಟೆ ದಾಟಿದ ಮೇಲೆ ದಕ್ಷಿಣಕ್ಕೆ ನೋಡಿ. ಚೇಳಿನ ಆಕಾರದ ವೃಶ್ಚಿಕ ಸುಲಭವಾಗಿ ಸಿಗುತ್ತದೆ. ಅದರ ಕೊಂಡಿಗೆ ಎಡಕ್ಕೆ ಧನು. ಆ ಎರಡರ ನಡುವೆ, ಸುಮಾರು 27,000 ಬೆಳಕಿನ ವರ್ಷ ಒಳಗೆ, ನಮ್ಮ ಹಾಲುಹಾದಿಯ ನಡುಮನೆಯ ಕಪ್ಪುಕುಳಿ ಇದೆ. 40 ಲಕ್ಷ ಸೂರ್ಯರ ತೂಕ. ಅದರ ಚಿತ್ರ 2022ರಲ್ಲಿ ಬಂತು. ಬರಿಗಣ್ಣಿಗೆ ಅದು ಕಾಣುವುದಿಲ್ಲ, ಆ ಕಡೆಯ ಹಾಲುಹಾದಿ ಕಾಣುತ್ತದೆ. ದಾವಣಗೆರೆಯ ದೀಪಗಳ ನಡುವೆ ನನಗೆ ಅದೂ ಇಲ್ಲ, ನಿಮ್ಮ ಶೇಂಗಾ ಹೊಲದಲ್ಲಿ ಚೆನ್ನಾಗಿ ಕಾಣುತ್ತದೆ. ಬ್ಯಾಟರಿ ಆರಿಸಿ ಹತ್ತು-ಹದಿನೈದು ನಿಮಿಷ ಸುಮ್ನೆ ನಿಂತರೆ ಕಣ್ಣು ಕತ್ತಲಿಗೆ ಒಗ್ಗುತ್ತದೆ. ವಾಪಸ್ ನಡೆಯುವಾಗ ಹಚ್ಚಿಕೊಳ್ಳಿ, ಬದುವಿನ ಮೇಲೆ ಹಾವು ಇರುತ್ತವೆ.